ಮೀನಿನ ಮೂಳೆ, ಚಿನ್ನದ ಚಪ್ಪಲಿ

ಸಿಂಡ್ರೆಲಾ ಅಂದರೆ ಗಾಜಿನ ಚಪ್ಪಲಿ ಅಂತಲೇ ನಮಗೆಲ್ಲ ರೂಢಿ. ಫ್ರಾನ್ಸಿನ ಲೇಖಕ ಪೆರೋ ಆ ಕಥೆಯನ್ನು ಅಚ್ಚು ಹಾಕಿಸಿದ್ದು 1697ರಲ್ಲಿ. ಅದಕ್ಕೂ ಎಂಟು ನೂರು ವರ್ಷ ಮೊದಲೇ, ಚೀನಾದಲ್ಲಿ ಟಾಂಗ್ ರಾಜವಂಶದ ಕಾಲದ ದುವಾನ್ ಚೆಂಗ್‌ಶಿ ಎಂಬಾತ ಯೆ ಶಿಯಾನ್ ಎಂಬ ಹುಡುಗಿಯ ಕಥೆ ಬರೆದಿಟ್ಟಿದ್ದ. ಅವನಿಗೆ ಅದನ್ನು ಹೇಳಿದವನು ಮನೆಯ ಆಳು, ದಕ್ಷಿಣ ಚೀನಾದ ಈಗಿನ ಗ್ವಾಂಗ್ಶಿಯ ನಾನ್ನಿಂಗ್ ಕಡೆಯವನು. ಅದು ಜುವಾಂಗ್ ಜನರ ಸೀಮೆ. ಹಾಗಾಗಿ ಇದು ಅವರ ಪೂರ್ವಿಕರ ಕಥೆ ಅಂತ ಅನೇಕರ ಅಭಿಪ್ರಾಯ.

ಇಲ್ಲಿ ಯಕ್ಷಿಣಿ ಇಲ್ಲ, ಕುಂಬಳಕಾಯಿ ರಥವೂ ಇಲ್ಲ. ಕೆಂಪು ರೆಕ್ಕೆ, ಚಿನ್ನದ ಕಣ್ಣಿನ ಒಂದು ಮೀನಿದೆ. ಯೆ ಶಿಯಾನ್ ಬಂದರೆ ಮಾತ್ರ ಅದು ಕೊಳದಿಂದ ತಲೆ ಎತ್ತುತ್ತದೆ. ಮಲತಾಯಿ ಏನು ಮಾಡಿದಳು ಗೊತ್ತಾ? ಹುಡುಗಿಯ ಹಳೇ ಬಟ್ಟೆ ತೊಟ್ಟು, ಅದರ ತೋಳಿನಲ್ಲಿ ಚೂರಿ ಬಚ್ಚಿಟ್ಟುಕೊಂಡು ಹೋಗಿ ಮೀನನ್ನು ಕೊಂದಳು. ಬೇಯಿಸಿ ತಿಂದು ಮೂಳೆಗಳನ್ನು ತಿಪ್ಪೆಯಲ್ಲಿ ಹೂತಳು. ಆ ಮೂಳೆಗಳೇ ಮುಂದೆ ಬೇಡಿದ್ದೆಲ್ಲ ಕೊಡುತ್ತವೆ: ಮಿಂಚುಳ್ಳಿ ಗರಿಯ ಉಡುಪು, ಚಿನ್ನದ ಚಪ್ಪಲಿ. ಹಬ್ಬದಲ್ಲಿ ಒಂದು ಚಪ್ಪಲಿ ಕಳೆದುಹೋಗಿ, ಕೈಯಿಂದ ಕೈಗೆ ಮಾರಾಟವಾಗಿ ದ್ವೀಪದ ರಾಜನನ್ನು ಸೇರುತ್ತದೆ.

ರಾಜನೂ ಒಳ್ಳೆಯವನೇನಲ್ಲ. ಯೆ ಶಿಯಾನ್‌ಳನ್ನು ಮದುವೆಯಾದ ಮೇಲೆ ದುರಾಸೆಗೆ ಬಿದ್ದು ಮೂಳೆಗಳ ಬಳಿ ಬೇಡುತ್ತಲೇ ಹೋದ, ವರ್ಷ ಕಳೆಯುವಷ್ಟರಲ್ಲಿ ಅವು ಓಗೊಡುವುದನ್ನೇ ಬಿಟ್ಟವು. ಪೆರೋನ ಸಕ್ಕರೆ ಪಾಕದ ರಾಜಕುಮಾರನಿಗಿಂತ ನನಗೆ ಇವನೇ ನಂಬುವಂತೆ ಕಾಣುತ್ತಾನೆ.

ಇನ್ನೊಂದು ತಮಾಷೆ. ಮಲತಾಯಿ, ಅವಳ ಮಗಳು ಹಾರಿಬಂದ ಕಲ್ಲುಗಳ ಏಟಿಗೆ ಸತ್ತರು. ಊರಿನವರು ಮರುಗಿ ಅವರಿಗೆ ಸಮಾಧಿ ಕಟ್ಟಿ, ಅಲ್ಲೇ ಹರಕೆ ಹೊತ್ತರಂತೆ. ಹರಕೆ ಫಲಿಸುತ್ತಲೂ ಇತ್ತಂತೆ!