ಹಿಮಾಲಯನ್ ಡೈರಿ 6: ಕ್ಲಾರೆನ್ಸ್ ರ‍್ಯಾಲಿ ಮತ್ತು ಒಂದು ಹಲ್ಲಿನ ಲೆಕ್ಕ

ಕಳೆದ ಸಲ ಬರೆದಾಗ ನನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನ ಮುಂದಿನ ಸ್ಪ್ರಾಕೆಟ್, ಅಂದರೆ ಚೈನ್ ತಿರುಗಿಸುವ ಹಲ್ಲಿನ ಚಕ್ರ, ಬದಲಿಸಿ ಎರಡೇ ದಿನ ಆಗಿತ್ತು. ಬೆಂಗಳೂರಿನ ಗೆಳೆಯರ ಮಾತು ಕೇಳಿ 15 ಹಲ್ಲಿನದು ತೆಗೆದು 16ರದು ಹಾಕಿದ್ದೆ. ಹೈವೇಯಲ್ಲಿ ಎಂಜಿನ್ ಸ್ವಲ್ಪ ನಿಧಾನ ತಿರುಗಲಿ, ಕೈಗೆ ಬರುವ ನಡುಕ ಕಡಿಮೆಯಾಗಲಿ ಅನ್ನೋದು ಆಸೆ. ಜೋಹಾನ್ಸ್‌ಬರ್ಗಿನ ಬಡಾವಣೆಯ ರಸ್ತೆಗಳಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ನಿಜವಾದ ಪರೀಕ್ಷೆ ಈ ವಾರಾಂತ್ಯ ದಕ್ಷಿಣ ಆಫ್ರಿಕಾದ ಕ್ಲಾರೆನ್ಸ್ ಎಂಬ ಊರಿನ ಬೈಕ್ ರ‍್ಯಾಲಿಯಲ್ಲಿ ಆಯಿತು.

ಗುರುವಾರ ರಾತ್ರಿ, ಗ್ಯಾರೇಜ್

ಚೈನ್ ತೊಳೆದು ಎಣ್ಣೆ ಬಿಟ್ಟೆ, ಬಿಗಿ ನೋಡಿದೆ. ಟೈರ್ ಬಿಚ್ಚುವ ಲಿವರ್ ಮೂರು, ಪ್ಯಾಚ್ ಪೆಟ್ಟಿಗೆ, ಕೈಪಂಪು, ಒಂದು ಹೊಸ ಟ್ಯೂಬ್. ಊಮ್ ಫೋನ್ ಮಾಡಿ, "ಹಳೇ ಸ್ಪ್ರಾಕೆಟ್ಟೂ ಚೀಲದಲ್ಲಿ ಹಾಕ್ಕೋ" ಅಂದರು. ಊಮ್ ಅಂದರೆ ಆಫ್ರಿಕಾನ್ಸ್ ಭಾಷೆಯಲ್ಲಿ ಮಾಮ. ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು. ನಮ್ಮ ನಾಲ್ವರ ತಂಡದಲ್ಲಿ ಎಲ್ಲರೂ ಅವರನ್ನು ಕರೆಯೋದು ಹಾಗೇ. ಯಾಕೆ ಬೇಕು ಅಂತ ಕೇಳಲಿಲ್ಲ, ಹಾಕಿಕೊಂಡೆ.

ಊಟದ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ದಾರಿಗೆ ಕಟ್ಟಿಕೊಳ್ಳುವ ಬುತ್ತಿಗೆ ಇಲ್ಲಿನವರು ಪಾಟ್‌ಕಾಸ್ ಅನ್ನುತ್ತಾರೆ. ಬೈಕಿನ ಚೀಲದಲ್ಲಿ ಮೂರು ದಿನ ಕುಲುಕಿದರೂ ಕೆಡದ ಬುತ್ತಿ ಖಡಕ್ ರೊಟ್ಟಿಯ ಹಾಗೆ ಇನ್ನೊಂದನ್ನು ನಾನು ಕಂಡಿಲ್ಲ. ಒಡೆದರೆ ಚೂರನ್ನೇ ತಿಂದರಾಯಿತು.

ಶುಕ್ರವಾರ, ಸುಮಾರು 300 ಕಿ.ಮೀ.

ಬೆಳಿಗ್ಗೆ ಆರಕ್ಕೆ ಹೊರಟೆವು. ಊಮ್ ದೊಡ್ಡ ಬಿಎಂಡಬ್ಲ್ಯು ಜಿಎಸ್ ಬೈಕ್ ಮೇಲೆ, ಸೊವೆಟೊದಿಂದ ಬಂದ ನರ್ಸ್ ಗೆಳತಿ ಆಫ್ರಿಕಾ ಟ್ವಿನ್ ಮೇಲೆ, ಡರ್ಬನ್ ಮೂಲದ ಗೆಳೆಯ ವಿ-ಸ್ಟ್ರಾಮ್ ಮೇಲೆ. ನನ್ನದು 411 ಸಿಸಿ ಹಿಮಾಲಯನ್, ಎಲ್ಲರಿಗಿಂತ ಚಿಕ್ಕದು. ಡರ್ಬನ್ ಗೆಳೆಯನ ಹಿರಿಯರು ತಮಿಳುನಾಡಿನಿಂದ ಕಬ್ಬಿನ ತೋಟದ ಕರಾರು ಕೂಲಿಗೆ ಬಂದವರು. ಮೊದಲ ಹಡಗು ಡರ್ಬನ್ ಮುಟ್ಟಿದ್ದು 1860ರಲ್ಲಿ. ಮನೆಯಲ್ಲಿ ಈಗ ಇಂಗ್ಲಿಷೇ. ಆದರೂ ನನ್ನನ್ನು 'ಅಣ್ಣಾ' ಅಂತಲೇ ಕರೆಯುತ್ತಾನೆ, ಆ ಒಂದು ಮಾತು ಕೇಳಿದರೆ ನನಗೆ ಧಾರವಾಡದ ಓಣಿ ನೆನಪಾಗುತ್ತದೆ.

ಎನ್ 3 ಹೆದ್ದಾರಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ ಬಂದರಿಗೆ ಹೋಗುವುದು. ಅದಕ್ಕೇ ಲಾರಿಗಳ ಸಾಲು ಮುಗಿಯುವುದಿಲ್ಲ. ವೇಗದ ಮಿತಿ 120. ಟೋಲ್‌ನಲ್ಲಿ ಬೈಕಿಗೂ ಕಾರಿನಷ್ಟೇ ದುಡ್ಡು ಕೊಡಬೇಕು. ಊರಲ್ಲಿ ಪಕ್ಕದ ಸಂದಿಯಿಂದ ನುಸುಳಿ ಹೋಗಿ ಅಭ್ಯಾಸವಾದ ನನಗೆ ಈಗಲೂ ಅಲ್ಲಿ ನಿಂತು ಜೇಬು ತಡಕುವುದು ಹೊಸದೇ.

ಹೈಡೆಲ್‌ಬರ್ಗ್ ದಾಟಿದ ಮೇಲೆ ಎದುರುಗಾಳಿ ಶುರುವಾಯಿತು. ಐದನೇ ಗೇರಿನಲ್ಲಿ 100 ದಾಟಲೇ ಇಲ್ಲ. ಸಣ್ಣ ಏರು ಬಂದರೂ 85ಕ್ಕೆ ಇಳಿಯುತ್ತಿತ್ತು. ನಾಲ್ಕಕ್ಕೆ ಹಾಕಿದರೆ ಎಂಜಿನ್ ಅರಚುತ್ತದೆ, ಐದಕ್ಕೆ ಹಾಕಿದರೆ ಉಸಿರು ಕಟ್ಟುತ್ತದೆ. ಎರಡಕ್ಕೂ ನಡುವೆ ಒಂದು ಗೇರ್ ಬೇಕಿತ್ತು. ಅದನ್ನು ನಾನೇ ಕಳೆದುಕೊಂಡಿದ್ದೆ.

ಲೆಕ್ಕ ಸರಳ, ಮೊದಲೇ ಹಾಕಬೇಕಿತ್ತು. ಜೋಹಾನ್ಸ್‌ಬರ್ಗ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕಡಲತೀರದ ಶೇ. 82ರಷ್ಟು ಮಾತ್ರ. ಫ್ಯೂಯಲ್ ಇಂಜೆಕ್ಷನ್ ಗಾಳಿಗೆ ತಕ್ಕಂತೆ ಪೆಟ್ರೋಲ್ ಅಳೆದು ಕೊಡುತ್ತದೆ ನಿಜ, ಆದರೆ ಇಲ್ಲದ ಗಾಳಿಯನ್ನು ತಂದುಕೊಡುವುದಿಲ್ಲ. ಕಾಗದದ ಮೇಲಿನ 24 ಚಿಲ್ಲರೆ ಅಶ್ವಶಕ್ತಿ ಇಲ್ಲಿ 20ರ ಆಸುಪಾಸು. ಅದರ ಮೇಲೆ ಒಂದು ಹಲ್ಲು ಹೆಚ್ಚಿಸಿದ್ದರಿಂದ ಹಿಂದಿನ ಚಕ್ರಕ್ಕೆ ಸಿಗುವ ಎಳೆತ ಇನ್ನೂ ಶೇ. 6ರಷ್ಟು ಹೋಯಿತು. ಎರಡೂ ಸೇರಿದರೆ ಹೆಚ್ಚುಕಡಿಮೆ ಕಾಲು ಭಾಗ ಮಾಯ. ಈ ಬದಲಾವಣೆ ಮಾಡಿ ಖುಷಿಪಟ್ಟ ಬೆಂಗಳೂರಿನ ಗೆಳೆಯರು ಓಡಿಸುವುದು 900 ಮೀಟರ್ ಎತ್ತರದಲ್ಲಿ. ಅವರ ಮಾತು ಅವರ ಊರಿಗೆ ಸರಿ.

ವಿಲಿಯರ್ಸ್‌ನಲ್ಲಿ, ವಾಲ್ ನದಿ ದಾಟಿ, ಪೆಟ್ರೋಲ್‌ಗೆ ನಿಂತಾಗ ಊಮ್ ಸಾಲು ಬದಲಿಸಿದರು. ಮುಂದೆ ಅವರು, ಎರಡನೆಯವನಾಗಿ ನಾನು, ಕೊನೆಗೆ ನರ್ಸ್ ಗೆಳತಿ. ಎಲ್ಲಕ್ಕಿಂತ ನಿಧಾನದ ಬೈಕ್ ಮುಂದಾಳುವಿನ ಬೆನ್ನಿಗೇ ಇರಬೇಕು, ಆಗ ಕನ್ನಡಿಯಲ್ಲಿ ನೋಡಿ ತಂಡದ ವೇಗ ಹೊಂದಿಸಬಹುದು ಎಂಬ ನಿಯಮ. ನಾನು ಅಲ್ಲಿಯವರೆಗೆ ಸಂಕೋಚಕ್ಕೆ ಕೊನೆಗೆ ಉಳಿದಿದ್ದೆ. ಕೊನೆಯವನು ಮುಂದಿನವರನ್ನು ಹಿಡಿಯಲು ಯಾವಾಗಲೂ ಎಲ್ಲರಿಗಿಂತ ಜೋರಾಗಿ ಓಡಿಸಬೇಕಾಗುತ್ತದೆ, ಅಪಾಯ ಅಲ್ಲೇ ಇರುವುದು. ಆಮೇಲೆ 95ರಲ್ಲಿ ನಾಲ್ವರೂ ಒಟ್ಟಿಗೆ ಹೋದೆವು.

ವಿಲಿಯರ್ಸ್‌ನಿಂದ ಆರ್ 26 ರಸ್ತೆ. ದಾರಿಯಲ್ಲಿ ಸಿಗುವ ಊರುಗಳು ಫ್ರಾಂಕ್‌ಫರ್ಟ್, ರೈಟ್ಸ್, ಬೆಥ್ಲೆಹೆಮ್. ಎರಡೂ ಬದಿ ಮೆಕ್ಕೆಜೋಳದ ಹೊಲ, ರಸ್ತೆ ಅಂಚಿನಲ್ಲಿ ಗುಲಾಬಿ, ಬಿಳಿ ಕಾಸ್ಮೋಸ್ ಹೂ. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಕಾಣುವ ನೋಟ. 1899ರಿಂದ 1902ರ ಬೋಯರ್ ಯುದ್ಧದ ಕಾಲದಲ್ಲಿ ಕುದುರೆಗಳಿಗೆಂದು ತರಿಸಿದ ಮೇವಿನ ಜೊತೆ ಇದರ ಬೀಜ ಬಂತು ಅನ್ನುತ್ತಾರೆ. ಕಣ್ಣು ಮಾತ್ರ ಹೂವಿನ ಮೇಲೆ ಇಡುವ ಹಾಗಿಲ್ಲ, ಗುಂಡಿಗಳು ಬಿಡುವುದಿಲ್ಲ.

ರೈಟ್ಸ್ ದಾಟಿ ಹತ್ತು ಕಿ.ಮೀ.ಗೆ ಹಿಂದಿನ ಚಕ್ರ ತೂಗಾಡಿತು. ಪಂಕ್ಚರ್. ಸೆಂಟರ್ ಸ್ಟ್ಯಾಂಡ್ ಇರುವುದು ಎಂಥ ಭಾಗ್ಯ ಅಂತ ಇಂಥ ಹೊತ್ತಲ್ಲೇ ತಿಳಿಯುವುದು. ಚಕ್ರ ಬಿಚ್ಚಿ, ಸೋಪಿನ ನೀರು ಸವರಿ, ಟೈರ್ ಕೆಳಗಿಳಿಸಿದೆವು. ಅವಸರದಲ್ಲಿ ಹೊಸ ಟ್ಯೂಬನ್ನು ಲಿವರಿನಿಂದ ಕಚ್ಚಿಸಿಬಿಟ್ಟೆ. ಗಾಳಿ ತುಂಬಿದ ಹಾಗೆ ಹೋಗುತ್ತಿತ್ತು. ನರ್ಸ್ ಗೆಳತಿ ಪ್ಯಾಚ್ ಪೆಟ್ಟಿಗೆ ಕೈಗೆ ತಗೊಂಡು, ಗಾಯ ಒರೆಸುವಷ್ಟೇ ನಿಧಾನವಾಗಿ ರಬ್ಬರ್ ಉಜ್ಜಿ, ಅಂಟು ಒಣಗುವವರೆಗೆ ಕಾದು ಅಂಟಿಸಿದಳು. ಆ ಪ್ಯಾಚ್ ಇವತ್ತಿಗೂ ಗಾಳಿ ಹಿಡಿದಿದೆ. ಒಂದೂಕಾಲು ಗಂಟೆ ಹೋಯಿತು. ಯಾರೂ ಗಡಿಯಾರ ನೋಡಲಿಲ್ಲ, ಎಲ್ಲರ ಕೈಯಲ್ಲೂ ರೊಟ್ಟಿ ಚೂರು ಇತ್ತು.

ಶನಿವಾರ, ಕ್ಲಾರೆನ್ಸ್

ರ‍್ಯಾಲಿ ಇದ್ದದ್ದು ಊರ ಹೊರಗಿನ ಒಂದು ಜಮೀನಿನಲ್ಲಿ. ಹಣ ಕಟ್ಟಿದರೆ ಆ ವರ್ಷದ ಲೋಹದ ಬಿಲ್ಲೆ ಕೊಡುತ್ತಾರೆ. ಹಳಬರ ಚರ್ಮದ ತೋಳಿಲ್ಲದ ಕೋಟಿನ ಮೇಲೆ ಇಂಥ ಬಿಲ್ಲೆಗಳು ಬಟ್ಟೆ ಕಾಣದ ಹಾಗೆ ತುಂಬಿರುತ್ತವೆ, ಊಮ್ ಅವರದೂ ಹಾಗೇ. ನನಗಿದು ಮೊದಲನೆಯದು.

ಬೆಳಿಗ್ಗೆ ಟೆಂಟ್ ಮೇಲೆ ಮಂಜು ಇನ್ನೂ ಆರಿರಲಿಲ್ಲ, ಊಮ್ ಸಾಕೆಟ್ ಸೆಟ್ ಹರಡಿ ಕೂತಿದ್ದರು. "ತಾ ಆ 15ನ್ನ." ಅರ್ಧ ಗಂಟೆಯ ಕೆಲಸ. ಕವರ್ ಬಿಚ್ಚಿದೆ, ಚೈನ್ ಸಡಿಲಿಸಿದೆ, ಹಳೆಯದನ್ನು ಕೂರಿಸಿದೆ. ಚೈನ್ ಬಿಗಿ ಮತ್ತೆ ಮೊದಲಿನಿಂದ ಅಳೆದೆ. ಅವರು ಒಂದು ಬೋಲ್ಟೂ ಮುಟ್ಟಲಿಲ್ಲ. ಪಕ್ಕದಲ್ಲಿ ಕಾಫಿ ಹಿಡಿದು, ನಾನು ತಪ್ಪುವ ಮುಂಚೆ ಒಂದೊಂದು ಮಾತು ಹೇಳಿದರು.

ಹನ್ನೊಂದಕ್ಕೆ ನಿಧಾನದ ಓಟ. ನೆಲಕ್ಕೆ ಕಾಲು ತಾಗಿಸದೆ, ಗೆರೆಯ ಒಳಗೆ, ಎಲ್ಲರಿಗಿಂತ ತಡವಾಗಿ ತಲುಪಿದವರು ಗೆದ್ದ ಹಾಗೆ. ಚಿಕ್ಕ ಗೇರಿಂಗ್‌ನ ಲಾಭ ಇಲ್ಲಿ ತಕ್ಷಣ ಗೊತ್ತಾಯಿತು. ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿದರೆ ಬೈಕ್ ನಡೆಯುವವನಿಗಿಂತ ನಿಧಾನ ಹೋಗುತ್ತದೆ. ಎರಡು ಸುತ್ತು ಗೆದ್ದೆ. ಮೂರನೆಯದರಲ್ಲಿ ಅರವತ್ತು ದಾಟಿದ ಒಬ್ಬ ಅಜ್ಜಿ, ನನ್ನದರ ಎರಡರಷ್ಟು ಭಾರದ ಕ್ರೂಸರನ್ನು ನಿಂತೇ ಬಿಟ್ಟಿದೆಯೇನೋ ಅನ್ನುವ ಹಾಗೆ ಓಡಿಸಿ ಸೋಲಿಸಿದರು. ಅವರ ಕಣ್ಣು ಒಮ್ಮೆಯೂ ಮುಂದಿನ ಚಕ್ರದ ಮೇಲೆ ಬೀಳಲಿಲ್ಲ, ದೂರದ ಬೇಲಿಯ ಮೇಲೇ ಇತ್ತು. ನಾನು ಕಲಿಯಬೇಕಾದದ್ದು ಅದು.

ಮಧ್ಯಾಹ್ನ ಗೋಲ್ಡನ್ ಗೇಟ್ ರಾಷ್ಟ್ರೀಯ ಉದ್ಯಾನದ ರಸ್ತೆ. ಮರಳುಗಲ್ಲಿನ ಬಂಡೆಗಳು ಇಳಿಬಿಸಿಲಿಗೆ ಅರಿಶಿನದ ಬಣ್ಣಕ್ಕೆ ತಿರುಗುತ್ತವೆ. ಬ್ರಾಂಡ್‌ವಾಗ್ ಬಂಡೆಯ ಕೆಳಗೆ ನಿಂತು ನಾವು ಯಾರೂ ಮಾತಾಡಲಿಲ್ಲ. ಏರು ತಿರುವುಗಳಲ್ಲಿ ಮೂರನೇ ಗೇರ್, ನಾಲ್ಕನೇ ಗೇರ್ ಮತ್ತೆ ಹೊಂದಿಕೊಂಡಿದ್ದವು.

ರಾತ್ರಿ ಬ್ರಾಯ್, ಅಂದರೆ ಕೆಂಡದ ಅಡುಗೆ. ಮಾಂಸ ತಿನ್ನದ ನನಗೆ ಕೆಂಡದ ಮೇಲೆ ಸುಟ್ಟ ಚೀಸ್, ಟೊಮೆಟೊ, ಈರುಳ್ಳಿಯ ಬ್ರೆಡ್ಡು, ಚಕಲಾಕಾ ಎಂಬ ಖಾರದ ಕಾಳು-ತರಕಾರಿ ಪಲ್ಯ, ಮೆಕ್ಕೆಜೋಳದ ಹಿಟ್ಟಿನ ಪಾಪ್. ಗಟ್ಟಿ ಪಾಪ್ ನಮ್ಮ ಮುದ್ದೆಯ ಬಿಳಿ ತಂಗಿ. ಅದರ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ಕೊಟ್ಟೆ. ನರ್ಸ್ ಗೆಳತಿ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡವಳು ಕೊಡಲೇ ಇಲ್ಲ.

ಭಾನುವಾರ, ವಾಪಸ್

ಅದೇ ದಾರಿ, ಅದೇ ಹೊರೆ. ಗಾಳಿ ಶುಕ್ರವಾರಕ್ಕಿಂತ ಕಡಿಮೆ ಇತ್ತು, ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಸ್ಪ್ರಾಕೆಟ್ಟಿಗೆ ಕೊಡುವಂತಿಲ್ಲ. ಆದರೂ ಏರಿನಲ್ಲಿ ಐದನೇ ಗೇರ್ 95 ಬಿಟ್ಟುಕೊಡಲಿಲ್ಲ. ಹ್ಯಾಂಡಲ್ ನಡುಕ ಮರಳಿ ಬಂದಿದೆ. ಅದಕ್ಕೆ ಹ್ಯಾಂಡಲ್ ತುದಿಗೆ ಭಾರದ ಬಾರ್-ಎಂಡ್ ಹಾಕಿ ನೋಡುವುದು ಮುಂದಿನ ಕೆಲಸ. ಎರಡು ಹೊಸ ಟ್ಯೂಬ್ ತರಬೇಕು.

16ರ ಸ್ಪ್ರಾಕೆಟನ್ನು ಒರೆಸಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಡರ್ಬನ್ ಗೆಳೆಯನ ಕೈಗೆ ಕೊಟ್ಟೆ. ಅವನ ತಮ್ಮನ ಹತ್ತಿರವೂ ಹಿಮಾಲಯನ್ ಇದೆ, ಮನೆ ಕಡಲತೀರದಲ್ಲಿ. ಅಲ್ಲಿ ಗಾಳಿ ಪೂರ್ತಿ ಸಿಗುತ್ತದೆ. ಅವನು ಹಾಕಿ ಓಡಿಸಿದ ಮೇಲೆ ಏನಾಯಿತು ಅಂತ ಏಳನೇ ಭಾಗದಲ್ಲಿ ಬರೆಯುತ್ತೇನೆ.