ಹೋಮ್ ಪ್ಲೇಟ್ ಹಿಂದೆ ಒಂದು ಕ್ಷಣ

ಬೇಸ್‌ಬಾಲ್‌ನಲ್ಲಿ ನನಗೆ ಜಾಸ್ತಿ ಇಷ್ಟ ಕ್ಯಾಚರ್. ನಮ್ಮ ವಿಕೆಟ್‌ಕೀಪರ್ ಥರಾನೇ, ಆದರೆ ಬ್ಯಾಟರ್ ಪಕ್ಕದಲ್ಲಿ ನಿಂತು ಆಡುವ ಹೋಮ್ ಪ್ಲೇಟ್‌ನ ಹಿಂದೆ ಪ್ರತಿ ಎಸೆತಕ್ಕೂ ಕುಕ್ಕರುಗಾಲಿನಲ್ಲಿ ಕೂರಬೇಕು. ಮಂಡಿಯ ಗತಿ ಏನು ಅಂತ ಯೋಚಿಸುತ್ತೇನೆ.

ಅಂಥ ಒಬ್ಬ ಕ್ಯಾಚರ್ ಆಡ್ಲಿ ರಟ್ಸ್‌ಮನ್. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮೊದಲ ವರ್ಷ ಅವನು ಹೊಡೆದ ಸರಾಸರಿ ಬರೀ .234, ಅಂದರೆ ನಾಲ್ಕು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್ ಕೂಡ ಇಲ್ಲ. ಮರುವರ್ಷ, 2018ರಲ್ಲಿ, ತಂಡ ಕಾಲೇಜ್ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಕಾಲೇಜು ತಂಡಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್, ಗೆದ್ದಿತು. ಅಲ್ಲಿ ಅವನೊಬ್ಬನದೇ 17 ಹಿಟ್! 2019ರ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಬಾಲ್ಟಿಮೋರ್ ಓರಿಯೋಲ್ಸ್ ತಂಡ ಎಲ್ಲರಿಗಿಂತ ಮೊದಲು ಅವನನ್ನೇ ಆರಿಸಿತು. ಇನ್ನೇನು ಬಂದೇಬಿಟ್ಟ ಅನ್ನುವಾಗ ಕೋವಿಡ್. ದೊಡ್ಡ ಲೀಗ್‌ಗೆ ಮೊದಲು ಆಟಗಾರರು ಪಳಗುವ ಮೈನರ್ ಲೀಗ್‌ನ 2020ರ ಸೀಸನ್ನೇ ರದ್ದು. ಆಮೇಲೆ ಬೋವಿ, ನಾರ್ಫಕ್ ಎಂಬ ಊರುಗಳ ಮೈನರ್ ಲೀಗ್ ತಂಡಗಳು, ನಡುವೆ ಒಂದು ಗಾಯ.

2022ರ ಮೇ 21ಕ್ಕೆ ಕೊನೆಗೂ ದೊಡ್ಡ ಲೀಗ್, ಅಂದರೆ ಮೇಜರ್ ಲೀಗ್. ಪ್ಲೇಟ್ ಹಿಂದೆ ನಿಂತು ಸುತ್ತ ಒಮ್ಮೆ ಸುಮ್ನೆ ನೋಡಿದ. ಅದನ್ನು ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಅಷ್ಟು ಕಾದವನು ಒಂದು ಕ್ಷಣ ನಿಲ್ಲಬೇಡವೇ?