ಹತ್ತಿಗೆ ಹತ್ತಿದ ನೀಲಿ

ಪ್ಯಾರಿಸ್‌ನಲ್ಲಿ ಹಳೆ ಗಡಿಯಾರ ರಿಪೇರಿ ಮಾಡುವ ಸಣ್ಣ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಇದು ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷದ ಮಾತು.

ವಯಸ್ಸಾದ ಗಿರಾಕಿಯೊಬ್ಬರು 1780ರ ಆಸುಪಾಸಿನ ಚಿನ್ನದ ಜೇಬು ಗಡಿಯಾರ ತಂದರು. ಡಯಲ್‌ನಲ್ಲೇ ಕೀಲಿ ಕೊಡುವ ತೂತು, ಒಳಗೆ ಸೈಕಲ್ ಚೈನನ್ನು ದಾರದಷ್ಟು ಸಣ್ಣ ಮಾಡಿದಂಥ ಸರಪಳಿ. ಹಿಂದಿನ ಮುಚ್ಚಳಕ್ಕೆ ಕಡು ನೀಲಿ ಎನಾಮೆಲ್, ನಮ್ಮಲ್ಲಿ ಒಡವೆಗೆ ಮೀನಾ ಕೆಲಸ ಅಂತೀವಲ್ಲ, ಆ ಜಾತಿಯದ್ದೇ. ನೀಲಿಯ ಅಡಿಯಲ್ಲಿ ಚಿನ್ನದ ಮೇಲೆ ಕೊರೆದ ಅಲೆ ಅಲೆ ಗೆರೆ. ಸ್ವಲ್ಪ ವಾಲಿಸಿದರೆ ನೀರು ಅಲುಗಿದ ಹಾಗೆ ಕಾಣುತ್ತಿತ್ತು.

ಮುಚ್ಚಳದ ಕೀಲಿನ ಹತ್ತಿರ ಹಳೆ ಅಂಟು ಮೆತ್ತಿಕೊಂಡಿತ್ತು. ಉಗುರು ಬಣ್ಣ ತೆಗೆಯಲು ಬಳಸುವ ಅಸಿಟೋನ್‌ನಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸಿದೆ. ಹತ್ತಿ ನೀಲಿಯಾಯಿತು.

ನಿಜವಾದ ಎನಾಮೆಲ್ ಅಂದರೆ ಗಾಜು. ಗಾಜಿನ ಪುಡಿಗೆ ಬಣ್ಣ ಕೊಡುವ ಲೋಹದ ಆಕ್ಸೈಡ್ ಸೇರಿಸಿ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡುತ್ತಾರೆ, ಅಸಿಟೋನ್ ಅದನ್ನು ಏನೂ ಮಾಡುವುದಿಲ್ಲ. ನಾನು ಒರೆಸಿದ್ದು ಎನಾಮೆಲ್ ಕಿತ್ತುಹೋದ ಜಾಗಕ್ಕೆ ಹಿಂದೆ ಯಾರೋ ತುಂಬಿದ್ದ ಬಣ್ಣದ ರೆಸಿನ್, ಅಂದರೆ ಗಟ್ಟಿಯಾಗುವ ಅಂಟಿನಂಥ ವಸ್ತು. ಹಾಗೆ ತುಂಬುವುದು ತಪ್ಪಲ್ಲ. ಮತ್ತೆ ಸುಡಲು ಹೋದರೆ ಹಳೆ ಬೆಸುಗೆ ಬಿಡಬಹುದು, ಪಕ್ಕದ ಎನಾಮೆಲ್ ಒಡೆಯಬಹುದು. ಆದರೆ ಮಾರುವಾಗ ಹೇಳಬೇಕು, ಇವರಿಗೆ ಯಾರೂ ಹೇಳಿರಲಿಲ್ಲ. ಹಾಳು ಮಾಡಿದ್ದು ನಾನೇ ಎಂದು ಅವರು ತಿಳಿದರು, ಅಲ್ಲ ಎನ್ನಲು ನನ್ನ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ.

ಈಗ ಎಷ್ಟೇ ಅವಸರವಿದ್ದರೂ ಗಿರಾಕಿಯ ಎದುರಿಗೇ ನೋಡುತ್ತೇನೆ. ಮೊದಲು ಓರೆ ಬೆಳಕು: ತುಂಬಿದ ಜಾಗದಲ್ಲಿ ಅಡಿಯ ಗೆರೆಗಳು ತಟಕ್ಕನೆ ನಿಂತುಹೋಗಿರುತ್ತವೆ ಅಥವಾ ಮಸುಕಾಗಿರುತ್ತವೆ. ಆಮೇಲೆ ಯುವಿ (ಅತಿನೇರಳೆ) ದೀಪ, ರೆಸಿನ್ ಇದ್ದರೆ ಬಹಳ ಸಲ ಅದರಲ್ಲಿ ಬೇರೆ ಥರ ಹೊಳೆಯುತ್ತದೆ. ಫೋಟೋ, ಚೀಟಿ, ಇಬ್ಬರ ಸಹಿ. ಚೀಟಿಯಲ್ಲಿ ಕಂಡದ್ದನ್ನಷ್ಟೇ ಬರೆಯುತ್ತೇನೆ. ‘ಪ್ಯಾರಿಸ್‌ನಲ್ಲಿ ಮಾಡಿದ್ದು’ ಎಂದಲ್ಲ, ‘ಒಳಗೆ ಪ್ಯಾರಿಸ್ ಹೆಸರಿದೆ’ ಎಂದು. 1685ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆ ಕಿತ್ತುಕೊಂಡ ಮೇಲೆ ಎಷ್ಟೋ ಕುಶಲಕರ್ಮಿಗಳು ಜಿನೀವಾಕ್ಕೆ ಹೋದರು, ಮುಂದೆ ಅಲ್ಲೇ ತಯಾರಾಗಿ ಪ್ಯಾರಿಸ್ ಹೆಸರು ಹೊತ್ತು ಬಂದ ಗಡಿಯಾರಗಳೂ ಇವೆ.

ಕೆಲವು ತಿಂಗಳ ಮೇಲೆ ಅದೇ ಗಿರಾಕಿ ಇನ್ನೊಂದು ಗಡಿಯಾರ ಹಿಡಿದು ಬಂದರು. ಲೈಟ್ ಆರಿಸಲು ಅವರೇ ಹೇಳಿದರು. ಇಬ್ಬರೂ ಬಗ್ಗಿ ನೋಡಿದೆವು. ತೇಪೆ ಎಲ್ಲೂ ಇರಲಿಲ್ಲ, ಅಂಚಿನಲ್ಲಿ ಕೂದಲೆಳೆಯಂಥ ಒಂದು ಬಿರುಕು ಮಾತ್ರ. ಅದನ್ನೂ ಬರೆದುಕೊಂಡೆ.